ತಂತ್ರಜ್ಞಾನ ವ್ಯತ್ಯಯ: ಸಣ್ಣ ವ್ಯಾಪಾರ ತೆರುವ ಬೆಲೆ

ಹಣ ಪಾವತಿ ವ್ಯವಸ್ಥೆ, ಮೊಬೈಲ್ ಜಾಲ, ಬ್ಯಾಂಕಿನ ಸರ್ವರ್, ಬಿಲ್ಲಿಂಗ್ ತಂತ್ರಾಂಶ, ತೆರಿಗೆ ಪೋರ್ಟಲ್, ಸಂದೇಶದ ಆ್ಯಪ್ – ಇವುಗಳಲ್ಲಿ ಯಾವುದಾದರೂ ಹಠಾತ್ತನೆ ನಿಂತು ವಹಿವಾಟು ಕೆಡುವುದನ್ನು ತಂತ್ರಜ್ಞಾನ ವ್ಯತ್ಯಯ ಎನ್ನುತ್ತಾರೆ. ದೊಡ್ಡ ಕಂಪನಿಗೂ ಬೀದಿಬದಿಯ ಅಂಗಡಿಗೂ ಅದು ಒಂದೇ ಗಳಿಗೆಯಲ್ಲಿ ತಟ್ಟುತ್ತದೆ. ಆದರೆ ಎರಡರ ನಷ್ಟದ ಸ್ವರೂಪ ಬೇರೆ. ಕಿರಾಣಿ ಅಂಗಡಿ, ದರ್ಶಿನಿ, ಔಷಧದಂಗಡಿ, ಹೂವಿನ ಗಾಡಿ, ಟೈಲರ್, ಆಟೊ, ಮನೆಯಲ್ಲೇ ಕೇಕ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಪಡೆಯುವವರು, ಪೀಣ್ಯದಂಥ ಕೈಗಾರಿಕಾ ಪ್ರದೇಶದ ಪುಟ್ಟ ಘಟಕಗಳು – ಇವರೆಲ್ಲರೂ ಈ ಲೇಖನದ ವ್ಯಾಪ್ತಿಗೆ ಬರುತ್ತಾರೆ.

2025ರ ಏಪ್ರಿಲ್ 1ರಿಂದ ಭಾರತದಲ್ಲಿ ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ, ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ದಾಟದ ಉದ್ಯಮವನ್ನು ‘ಸೂಕ್ಷ್ಮ’ ಎಂದು ವರ್ಗೀಕರಿಸಲಾಗಿದೆ. ಇಲ್ಲಿ ಹೇಳಹೊರಟಿರುವ ವ್ಯಾಪಾರಿಗಳಲ್ಲಿ ಬಹುಪಾಲು ಜನ ಆ ಮಿತಿಯ ಬಹಳ ಕೆಳಗಿನವರು. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದಲ್ಲಿ ಸುಮಾರು 6.34 ಕೋಟಿ ಕೃಷಿಯೇತರ ಕಿರು ಉದ್ಯಮಗಳನ್ನೂ ಅವುಗಳಲ್ಲಿ ದುಡಿಯುವ ಸುಮಾರು 11 ಕೋಟಿ ಜನರನ್ನೂ ಲೆಕ್ಕ ಹಾಕಿತ್ತು. ವ್ಯತ್ಯಯದ ಕಾರಣ ಎಲ್ಲೋ ದೂರದ ದತ್ತಾಂಶ ಕೇಂದ್ರದಲ್ಲಿರುತ್ತದೆ, ನಷ್ಟ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ತಲೆಗೆ ಬರುತ್ತದೆ. ಆ ನಷ್ಟವನ್ನು ಬರೆದಿಡುವ ಪುಸ್ತಕ ಮಾತ್ರ ಯಾರ ಬಳಿಯೂ ಇಲ್ಲ. ಈ ವಿಷಯದ ತಿರುಳು ಇಲ್ಲಿದೆ.

ಅವಲಂಬನೆ ಬೆಳೆದ ಬಗೆ

ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ರೂಪಿಸಿದ ಯುಪಿಐ 2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ಜನರನ್ನು ಅದರತ್ತ ನೂಕಿತು. ಕೋವಿಡ್ ಕಾಲದಲ್ಲಿ ನೋಟು ಮುಟ್ಟಲು ಜನ ಹಿಂಜರಿದಾಗ ಕ್ಯೂಆರ್ ಹಾಳೆ ತರಕಾರಿ ಗಾಡಿಯವರೆಗೂ ಬಂತು. ದುಡ್ಡು ಬಂದದ್ದನ್ನು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್ ಬಾಕ್ಸ್ ಅದರ ಪಕ್ಕದಲ್ಲಿ ಕೂತಿತು. 2023ರ ಆಗಸ್ಟ್‌ನಲ್ಲಿ ತಿಂಗಳ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 1,000 ಕೋಟಿ ದಾಟಿತು. ಎರಡೇ ವರ್ಷದಲ್ಲಿ, 2025ರ ಆಗಸ್ಟ್‌ನಲ್ಲಿ, 2,000 ಕೋಟಿಯನ್ನೂ ದಾಟಿತು.

ಈ ನಡುವೆ ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸ ಎರಡೂ ಕಡೆ ಕರಗಿದೆ. ಗಿರಾಕಿಯ ಜೇಬಿನಲ್ಲಿ ಪರ್ಸ್ ಇಲ್ಲ, ಅಂಗಡಿಯವರ ಡ್ರಾಯರ್‌ನಲ್ಲಿ ಹತ್ತರ ನೋಟಿಲ್ಲ. ಮೊದಲು ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿ ತನ್ನಿಂತಾನೇ ತೆರೆದಿರುತ್ತಿತ್ತು. ಈಗ ಆ ಇನ್ನೊಂದು ದಾರಿಯನ್ನು ಯೋಚಿಸಿ, ಖರ್ಚು ಮಾಡಿ ಕಾಪಾಡಿಕೊಳ್ಳಬೇಕು. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಸ್ವಂತ ನಿರ್ಧಾರದಿಂದ ಯುಪಿಐ ನಿಲ್ಲಿಸುವ ವ್ಯಾಪಾರಿ ಫಲಕ ಬರೆಸಿ, ಚಿಲ್ಲರೆ ತಂದು ಸಿದ್ಧನಾಗಬಹುದು. ವ್ಯತ್ಯಯ ಆ ಅವಕಾಶ ಕೊಡುವುದಿಲ್ಲ.

ಹಣ ಪಾವತಿಯಾಚೆಗೂ ಅವಲಂಬನೆ ಹಬ್ಬಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಲೆಕ್ಕವೆಲ್ಲ ಪೋರ್ಟಲ್ ಮೂಲಕವೇ ಸಲ್ಲಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಯಂತ್ರ ಒಪ್ಪದೆ ಅಕ್ಕಿ ತೂಗುವಂತಿಲ್ಲ. ‘ಸರ್ವರ್ ಡೌನ್’ ಎಂದ ದಿನ ಸರತಿಯಲ್ಲಿ ನಿಂತವರ ಸಿಟ್ಟನ್ನು ಎದುರಿಸುವವರು ಕಮಿಷನ್ ಮೇಲೆ ಬದುಕುವ ಅಂಗಡಿಯವರೇ.

ನಷ್ಟ ಎಲ್ಲೆಲ್ಲಿ ಹುಟ್ಟುತ್ತದೆ

ಎಲ್ಲರಿಗೂ ಮೊದಲು ಕಾಣುವುದು ತಪ್ಪಿಹೋದ ಮಾರಾಟ. ಆದರೆ ಎಲ್ಲ ಮಾರಾಟವೂ ಒಂದೇ ರೀತಿ ತಪ್ಪುವುದಿಲ್ಲ. ಸೀರೆ ಅಂಗಡಿಗೆ ಬಂದವರು ಸಂಜೆ ಮತ್ತೆ ಬರಬಹುದು. ಬೆಳಗಿನ ಎಂಟು ಗಂಟೆಗೆ ಇಡ್ಲಿ ತಿನ್ನದೆ ಬಸ್ ಹತ್ತಿದವರು ಆ ಇಡ್ಲಿಗಾಗಿ ಮತ್ತೆ ಬರುವುದಿಲ್ಲ. ಹೂವು, ಹಾಲು, ಮೀನು, ತಿಂಡಿ, ಕ್ಷೌರ, ಆಟೊ ಸವಾರಿ – ಇವೆಲ್ಲ ಗಳಿಗೆ ಮೀರಿದರೆ ಬೆಲೆ ಕಳೆದುಕೊಳ್ಳುವಂಥವು.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 12,000 ರೂಪಾಯಿ ವ್ಯಾಪಾರ, ಅದರಲ್ಲಿ ಶೇ 20 ಅಂದರೆ 2,400 ರೂಪಾಯಿ ಉಳಿಕೆ ಇರುವ ಒಂದು ತಿಂಡಿ ಅಂಗಡಿ. ಅರ್ಧದಷ್ಟು ವ್ಯಾಪಾರ ಬೆಳಗಿನ ಮೂರು ಗಂಟೆಗಳಲ್ಲೇ ಮುಗಿಯುತ್ತದೆ. ಆ ಹೊತ್ತಿನಲ್ಲಿ ಎರಡು ಗಂಟೆ ಯುಪಿಐ ನಿಂತಿತು ಎನ್ನೋಣ. ಆ ಎರಡು ಗಂಟೆಯ 4,000 ರೂಪಾಯಿ ವ್ಯಾಪಾರದಲ್ಲಿ 2,800 ರೂಪಾಯಿ ಸ್ಕ್ಯಾನ್ ಮಾಡುವವರದು, ಅವರಲ್ಲಿ ಅರ್ಧದಷ್ಟು ಜನ ಹಾಗೇ ಹೊರಟುಹೋದರು. ತಪ್ಪಿದ್ದು 1,400 ರೂಪಾಯಿಯ ಮಾರಾಟ. ದಿನದ ವ್ಯಾಪಾರದಲ್ಲಿ ಶೇ 12ಕ್ಕಿಂತ ಕಡಿಮೆ. ಆದರೆ ಹಿಟ್ಟು ರುಬ್ಬಿಯಾಗಿದೆ, ಗ್ಯಾಸ್ ಉರಿದಿದೆ, ಹುಡುಗರ ಕೂಲಿ ಕೊಡಲೇಬೇಕು, ಬಾಡಿಗೆ ನಿಲ್ಲುವುದಿಲ್ಲ. ಖರ್ಚಿನಲ್ಲಿ ಒಂದು ರೂಪಾಯಿಯೂ ಉಳಿಯದ ಕಾರಣ ಆ 1,400 ರೂಪಾಯಿಯಷ್ಟೂ ಉಳಿಕೆಯಿಂದಲೇ ಹೋಗುತ್ತದೆ. ದಿನದ ಸಂಪಾದನೆಯ ಅರ್ಧಕ್ಕಿಂತ ಹೆಚ್ಚು ಹೋಯಿತೆಂದಾಯಿತು. ‘ಎರಡು ಗಂಟೆ ತೊಂದರೆಯಾಗಿತ್ತು, ಈಗ ಸರಿಹೋಗಿದೆ’ ಎಂಬ ಪ್ರಕಟಣೆಯ ಹಿಂದೆ ಇಂಥ ಲೆಕ್ಕಗಳು ಅದೆಷ್ಟೋ ಅಡಗಿರುತ್ತವೆ.

ಪೂರ್ತಿ ನಿಂತ ವ್ಯವಸ್ಥೆಗಿಂತ ಅರ್ಧ ಕೆಟ್ಟ ವ್ಯವಸ್ಥೆ ವ್ಯಾಪಾರಿಗೆ ಹೆಚ್ಚು ಕಷ್ಟ. ಗಿರಾಕಿಯ ಫೋನು ‘ದುಡ್ಡು ಕಟ್ ಆಗಿದೆ’ ಎನ್ನುತ್ತದೆ, ಸೌಂಡ್ ಬಾಕ್ಸ್ ಸದ್ದು ಮಾಡುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸಾಮಾನು ಕೊಟ್ಟರೆ ದುಡ್ಡು ಬರದೇ ಇರಬಹುದು; ಕೊಡದಿದ್ದರೆ ಹತ್ತು ವರ್ಷದ ಗಿರಾಕಿಯನ್ನು ಎಲ್ಲರೆದುರು ಅನುಮಾನಿಸಿದಂತಾಗುತ್ತದೆ. ನಕಲಿ ಪಾವತಿಯ ಸ್ಕ್ರೀನ್‌ಶಾಟ್ ತೋರಿಸುವವರಿಗೆ ಇದೇ ಹೊತ್ತು ಅನುಕೂಲ. ಇಂಥ ವಿಫಲ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಅಂಗಡಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಕಡಿತವಾಗಿ ಅಂಗಡಿಯಲ್ಲಿ ಖಚಿತವಾಗದಿದ್ದರೆ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಒಳ್ಳೆಯ ನಿಯಮವೇ ಸರಿ. ಆದರೆ ಆ ಪರಿಹಾರ ಹೋಗುವುದು ಹಣ ಕಡಿತವಾದ ಗಿರಾಕಿಗೆ. ನಂಬಿ ಸಾಮಾನು ಕೊಟ್ಟ ಅಂಗಡಿಯವರಿಗೆ, ಹಣ ಮರಳಿದ ಗಿರಾಕಿ ಮತ್ತೆ ಬಂದು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಉದ್ರಿ ಪುಸ್ತಕ ಇಟ್ಟಿರುವ ಹಳೆಯ ಅಂಗಡಿಗಳು ಇಂಥ ದಿನ ತುಸು ಸುಲಭವಾಗಿ ಪಾರಾಗುತ್ತವೆ. ಪರಿಚಯದ ಗಿರಾಕಿಗೆ ‘ನಾಳೆ ಕೊಡಿ’ ಎನ್ನಬಹುದು. ಬಸ್ ನಿಲ್ದಾಣದ ಬಳಿಯ, ಹೆದ್ದಾರಿ ಬದಿಯ, ದಿನವೂ ಹೊಸ ಮುಖ ಕಾಣುವ ಅಂಗಡಿಗಳಿಗೆ ಆ ಆಸರೆಯೂ ಇಲ್ಲ.

2025ರ ಯುಪಿಐ ವ್ಯತ್ಯಯಗಳು

2025ರ ಮಾರ್ಚ್ 26ರ ಸಂಜೆ ದೇಶದಾದ್ಯಂತ ಯುಪಿಐ ಪಾವತಿಗಳು ವಿಫಲವಾಗತೊಡಗಿದವು. ಏಪ್ರಿಲ್ ಮೊದಲ ವಾರದಲ್ಲಿ ಮತ್ತೆ ಏರುಪೇರಾಯಿತು. ಏಪ್ರಿಲ್ 12ರ ಶನಿವಾರ ಮಧ್ಯಾಹ್ನದ ಹೊತ್ತಿಗೆ ಮತ್ತೊಂದು ದೊಡ್ಡ ವ್ಯತ್ಯಯ. ಏಪ್ರಿಲ್ 12ರ ಘಟನೆಯ ಕಾರಣ ತಿಳಿದುಕೊಳ್ಳಬೇಕಾದದ್ದು. ಒಂದು ವಹಿವಾಟು ಏನಾಯಿತೆಂದು ಬ್ಯಾಂಕು ಎನ್‌ಪಿಸಿಐ ವ್ಯವಸ್ಥೆಯನ್ನು ವಿಚಾರಿಸುವ ಸೌಲಭ್ಯವಿದೆ. ಕೆಲವು ಬ್ಯಾಂಕುಗಳ ಗಣಕಗಳು ಹಳೆಯ ವಹಿವಾಟುಗಳ ಬಗ್ಗೆಯೂ ಇಂಥ ವಿಚಾರಣೆಗಳನ್ನು ಮೇಲಿಂದ ಮೇಲೆ ಕಳುಹಿಸಿ ಜಾಲವನ್ನು ತುಂಬಿಸಿಬಿಟ್ಟವು. ವ್ಯವಸ್ಥೆ ನಿಧಾನವಾದಷ್ಟೂ ವಿಚಾರಣೆ ಹೆಚ್ಚುತ್ತದೆ. ವಿಚಾರಣೆ ಹೆಚ್ಚಿದಷ್ಟೂ ವ್ಯವಸ್ಥೆ ಇನ್ನೂ ನಿಧಾನವಾಗುತ್ತದೆ. ವಿಫಲವಾದ ಪಾವತಿಯನ್ನು ಕೌಂಟರಿನಲ್ಲಿ ನಿಂತು ಮೂರು ನಾಲ್ಕು ಬಾರಿ ಯತ್ನಿಸುವ ಗಿರಾಕಿಯೂ ತಿಳಿಯದೆ ಈ ಭಾರಕ್ಕೆ ಕೈಗೂಡಿಸುತ್ತಾನೆ.

ಆಮೇಲೆ ಎನ್‌ಪಿಸಿಐ ಮಿತಿಗಳನ್ನು ಬಿಗಿ ಮಾಡಿತು. 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಬ್ಯಾಲೆನ್ಸ್ ನೋಡಬಹುದು. ಬಾಕಿ ಉಳಿದ ವಹಿವಾಟಿನ ಸ್ಥಿತಿಯನ್ನು ವಿಚಾರಿಸಲು ಮೂರು ಅವಕಾಶ, ನಡುವೆ 90 ಸೆಕೆಂಡು ಅಂತರ. ಕಂತು ಮತ್ತು ಚಂದಾದಂಥ ಸ್ವಯಂಚಾಲಿತ ಕಡಿತಗಳು ದಟ್ಟಣೆಯ ಹೊತ್ತಿನ ಹೊರಗೆ. ದಟ್ಟಣೆಯ ಹೊತ್ತೆಂದು ಗುರುತಿಸಿದ್ದು ಬೆಳಿಗ್ಗೆ 10ರಿಂದ 1 ಮತ್ತು ಸಂಜೆ 5ರಿಂದ 9.30. ಅಂಗಡಿ ಬೀದಿಗಳಲ್ಲಿ ಜನ ತುಂಬುವ ಹೊತ್ತೂ ಅದೇ. ಜಾಲ ಸೋಲುವ ಸಾಧ್ಯತೆ ಹೆಚ್ಚಿರುವ ಗಳಿಗೆಯೂ ವ್ಯಾಪಾರಿ ಅದನ್ನು ಅತಿಯಾಗಿ ನೆಚ್ಚಿರುವ ಗಳಿಗೆಯೂ ಒಂದೇ ಆಗಿರುವುದರಿಂದ ವರ್ಷದ ಒಟ್ಟು ಗಂಟೆಗಳ ಸರಾಸರಿ ಅಂಗಡಿಯವರ ನಷ್ಟವನ್ನು ಎಂದೂ ಸರಿಯಾಗಿ ತೋರಿಸುವುದಿಲ್ಲ.

ಒಂದೇ ಬ್ಯಾಂಕಿನ ತೊಂದರೆಯೂ ಸಾಕಷ್ಟು ದೊಡ್ಡದಾಗಬಲ್ಲದು. 2020ರ ನವೆಂಬರ್ 21ರಂದು ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಎಚ್‌ಡಿಎಫ್‌ಸಿ ಬ್ಯಾಂಕಿನ ಡಿಜಿಟಲ್ ಸೇವೆಗಳು ನಿಂತವು. ಹಿಂದಿನ ವ್ಯತ್ಯಯಗಳನ್ನೂ ಗಮನಿಸಿದ ರಿಸರ್ವ್ ಬ್ಯಾಂಕ್ ಡಿಸೆಂಬರ್‌ನಲ್ಲಿ ಅದರ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ವಿತರಣೆಯನ್ನೂ ತಡೆಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕಿಗೂ ಇಂಥ ನಿರ್ಬಂಧ ಬಂತು. ಇವು ಸುದ್ದಿಯಾದವು. ಅದೇ ವರ್ಷದ ಜುಲೈ 31ರ ಘಟನೆಯತ್ತ ನಗರಗಳ ಗಮನ ಅಷ್ಟಾಗಿ ಹೋಗಲಿಲ್ಲ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆ ರ‍್ಯಾನ್ಸಮ್‌ವೇರ್ ದಾಳಿಗೆ ಒಳಗಾದಾಗ ಎನ್‌ಪಿಸಿಐ ಮುಂಜಾಗ್ರತೆಯಾಗಿ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಎರಡೂ ಇಲ್ಲವಾದವು. ಮರುದಿನ ಸಂಪರ್ಕ ಮರಳಿತು. ದೇಶದ ಒಟ್ಟು ವಹಿವಾಟಿನಲ್ಲಿ ಆ ಬ್ಯಾಂಕುಗಳ ಪಾಲು ತೀರ ಕಿರಿದು. ಆದರೆ ಊರಿಗೆ ಇರುವುದೇ ಒಂದು ಸಹಕಾರಿ ಬ್ಯಾಂಕು ಎಂಬ ಕಡೆ ಸಂತೆಯ ದಿನ ಆ ಪಾಲು ನೂರಕ್ಕೆ ನೂರು.

ಬೇರೆ ದೇಶಗಳ ಅನುಭವ

ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಕಂಪನಿಯ ಮೊಬೈಲ್ ಮತ್ತು ಇಂಟರ್‌ನೆಟ್ ಜಾಲವೆರಡೂ ಒಟ್ಟಿಗೆ ಬಿದ್ದವು. ಜಾಲದ ಮೇಲ್ದರ್ಜೆ ಕೆಲಸದ ನಡುವೆ ಒಂದು ಶೋಧಕವನ್ನು ತೆಗೆದುಹಾಕಿದ್ದರಿಂದ ರೂಟಿಂಗ್ ಮಾಹಿತಿ ನುಗ್ಗಿ ಕೇಂದ್ರ ರೂಟರ್‌ಗಳು ಕುಸಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು: ದೇಶದ ಡೆಬಿಟ್ ಪಾವತಿ ಜಾಲವಾದ ಇಂಟರಾಕ್ ರೋಜರ್ಸ್ ಮೇಲೆ ನಿಂತಿದ್ದ ಕಾರಣ, ಬೇರೆ ಕಂಪನಿಯ ಇಂಟರ್‌ನೆಟ್ ಹಾಕಿಸಿಕೊಂಡಿದ್ದ ಅಂಗಡಿಗಳಲ್ಲೂ ಡೆಬಿಟ್ ಕಾರ್ಡ್ ನಡೆಯಲಿಲ್ಲ. ಪರಿಹಾರವಾಗಿ ರೋಜರ್ಸ್ ಗ್ರಾಹಕರಿಗೆ ಐದು ದಿನದ ಶುಲ್ಕ ಮನ್ನಾ ಮಾಡಿತು.

ಆಸ್ಟ್ರೇಲಿಯದಲ್ಲಿ 2023ರ ನವೆಂಬರ್ 8ರ ನಸುಕಿನಲ್ಲಿ ಆಪ್ಟಸ್ ಜಾಲ ನಿಂತಾಗ ಸುಮಾರು ಒಂದು ಕೋಟಿ ಗ್ರಾಹಕರ ಜೊತೆ ನಾಲ್ಕು ಲಕ್ಷ ವ್ಯಾಪಾರ ಸಂಸ್ಥೆಗಳೂ ಸಿಲುಕಿದವು. ಹಾಲಿನಂಗಡಿ, ಕಾಫಿ ಅಂಗಡಿಗಳು ಕಾರ್ಡ್ ಯಂತ್ರವಿಲ್ಲದೆ ದಿನ ಕಳೆದವು. ಕಂಪನಿ ಕೊಡಲು ಮುಂದಾದದ್ದು 200 ಜಿಬಿ ಉಚಿತ ಡೇಟಾ. ಮುಖ್ಯಸ್ಥೆ ಕೆಲಿ ಬೇಯರ್ ರೋಸ್‌ಮರಿನ್ ಅದೇ ತಿಂಗಳು ರಾಜೀನಾಮೆ ಕೊಟ್ಟರು. ದಿನದ ವ್ಯಾಪಾರ ಕಳೆದುಕೊಂಡವರಿಗೆ ಡೇಟಾ ಕೊಡುವುದು ನಷ್ಟದ ಅಳತೆಯೇ ಅರ್ಥವಾಗದವರ ಪರಿಹಾರ. ಐದು ದಿನದ ಶುಲ್ಕ ಮನ್ನಾದ ಬಗ್ಗೆಯೂ ಇದೇ ಮಾತು ಹೇಳಬೇಕು. ಎರಡೂ ಕಡೆ ಕಂಪನಿಗಳು ಅಳೆದದ್ದು ತಾವು ಒದಗಿಸದೇ ಹೋದ ಸೇವೆಯ ಬೆಲೆಯನ್ನು; ಆ ಸೇವೆಯನ್ನು ನೆಚ್ಚಿದವರು ಕಳೆದುಕೊಂಡದ್ದನ್ನು ಅಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಮಾಯವಾದವು. ನಿರ್ವಹಣೆಯ ಒಂದು ತಪ್ಪು ಆದೇಶ ಕಂಪನಿಯ ದತ್ತಾಂಶ ಕೇಂದ್ರಗಳನ್ನು ಪರಸ್ಪರ ಕಡಿದುಹಾಕಿತ್ತು. ಭಾರತದಲ್ಲಿ ಆಗ ರಾತ್ರಿ ಒಂಬತ್ತು ದಾಟಿದ್ದರಿಂದ ಪೆಟ್ಟು ಕಡಿಮೆ. 2022ರ ಅಕ್ಟೋಬರ್ 25ರ ವಾಟ್ಸ್‌ಆ್ಯಪ್ ವ್ಯತ್ಯಯ ಹಾಗಲ್ಲ. ದೀಪಾವಳಿ ಸಮಯದ ಮಧ್ಯಾಹ್ನ ಬಂದು ಸುಮಾರು ಎರಡು ಗಂಟೆ ಆರ್ಡರ್‌ಗಳನ್ನು ನುಂಗಿತು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆಯ ವರ್ಜೀನಿಯ ಕೇಂದ್ರದಲ್ಲಿ, ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಜಾಲದಲ್ಲಿ ಆದ ತೊಂದರೆಗಳು ಇನ್ನೊಂದು ಸಂಗತಿ ತೋರಿಸಿದವು: ತಾನು ಹೆಸರೂ ಕೇಳದ ಕಂಪನಿಯ ಮೇಲೆ ತನ್ನ ಬಿಲ್ಲಿಂಗ್ ಆ್ಯಪ್ ನಿಂತಿದೆ ಎಂಬುದು ವ್ಯಾಪಾರಿಗೆ ಅದು ನಿಂತ ದಿನವೇ ತಿಳಿಯುವುದು.

ತಂತ್ರಾಂಶ ನಿಲ್ಲದೆ ತಪ್ಪು ಲೆಕ್ಕ ತೋರಿಸಿದರೆ ಏನಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಹೊರೈಜನ್ ಪ್ರಕರಣ ಕರುಳು ಕಿವುಚುವ ಸಾಕ್ಷಿ. ಅಂಚೆ ಕಚೇರಿಯ ಜೊತೆ ಸಣ್ಣ ಅಂಗಡಿ ನಡೆಸುತ್ತಿದ್ದ ಉಪ ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಫುಜಿತ್ಸು ರೂಪಿಸಿದ ಈ ತಂತ್ರಾಂಶ ಇಲ್ಲದ ಕೊರತೆ ತೋರಿಸಿತು. ಕೊರತೆಯನ್ನು ಸ್ವಂತ ಜೇಬಿನಿಂದ ತುಂಬಬೇಕೆಂದು ಅವರ ಒಪ್ಪಂದದ ಆಧಾರದ ಮೇಲೆ ಒತ್ತಾಯಿಸಲಾಯಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಮಾಜಿ ಉಪ ಪೋಸ್ಟ್‌ಮಾಸ್ಟರ್ ಅಲನ್ ಬೇಟ್ಸ್ ಮುಂದಾಳತ್ವದ ಮೊಕದ್ದಮೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತಂತ್ರಾಂಶದ ದೋಷ ಸಾಬೀತಾಯಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾಯ್ದೆ ಬರಲು 2024 ಆಗಬೇಕಾಯಿತು. ಯಂತ್ರ ಹೇಳಿದ್ದೇ ಸತ್ಯ, ಕೌಂಟರಿನವರು ಹೇಳಿದ್ದು ಸುಳ್ಳು ಎಂಬ ಊಹೆಗೆ ಬದುಕುಗಳೇ ಬಲಿಯಾದವು.

ಸರ್ಕಾರವೇ ನಿಲ್ಲಿಸಿದಾಗ, ಸರ್ಕಾರದ ಪೋರ್ಟಲ್ ನಿಂತಾಗ

ವ್ಯತ್ಯಯವೆಲ್ಲ ಆಕಸ್ಮಿಕವಲ್ಲ. ಕಾನೂನು ಸುವ್ಯವಸ್ಥೆಯ ಹೆಸರಿನಲ್ಲಿ ಇಂಟರ್‌ನೆಟ್ ಸ್ಥಗಿತಗೊಳಿಸುವ ಪದ್ಧತಿ ಭಾರತದಲ್ಲಿ ವ್ಯಾಪಕ. 2012ರಿಂದ 2017ರವರೆಗಿನ 16,315 ಗಂಟೆಗಳ ಸ್ಥಗಿತದಿಂದ ಆರ್ಥಿಕತೆಗೆ ಸುಮಾರು 304 ಕೋಟಿ ಡಾಲರ್ ನಷ್ಟವಾಯಿತೆಂದು ದೆಹಲಿಯ ಐಸಿಆರ್‌ಐಇಆರ್ ಸಂಸ್ಥೆ 2018ರಲ್ಲಿ ಅಂದಾಜಿಸಿತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ಸೇವೆ ಮರಳಿದ್ದು 2021ರ ಫೆಬ್ರುವರಿಯಲ್ಲಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಬೆನ್ನಿಗೆ ಮಂಗಳೂರು ಮತ್ತು ದಕ್ಷಿಣ ಕನ್ನಡದಲ್ಲೂ ಮೊಬೈಲ್ ಇಂಟರ್‌ನೆಟ್ ಕಡಿತವಾಗಿತ್ತು. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್‌ನೆಟ್ ಮೂಲಕ ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆ ಇದೆಯೆಂದು ಸಾರಿತು. ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕೆಂದೂ ಹೇಳಿತು. ಅಂಗಡಿಕಾರರ ಪಾಲಿಗೆ ಇದು ಮಹತ್ವದ ತೀರ್ಪು.

ಪೋರ್ಟಲ್‌ಗಳ ವಿಷಯದಲ್ಲಿ ಕರ್ನಾಟಕಕ್ಕೆ ನೇರ ಸಂಬಂಧವಿದೆ. ಸರಕು ಸಾಗಣೆಯ ಇ-ವೇ ಬಿಲ್ ವ್ಯವಸ್ಥೆಯನ್ನು 2017ರ ಸೆಪ್ಟೆಂಬರ್‌ನಲ್ಲಿ ಮೊದಲು ಜಾರಿಗೊಳಿಸಿದ್ದು ಈ ರಾಜ್ಯ. ಇಲ್ಲಿನ ವಾಣಿಜ್ಯ ತೆರಿಗೆ ಇಲಾಖೆಗೆ ಅದೇ ಬಗೆಯ ಹಳೆಯ ವ್ಯವಸ್ಥೆಯಾದ ಇ-ಸುಗಮ್ ನಡೆಸಿದ ಅನುಭವ ಇತ್ತು. 2018ರ ಫೆಬ್ರುವರಿ 1ರಂದು ದೇಶಕ್ಕೆಲ್ಲ ವಿಸ್ತರಿಸಿದ ದಿನವೇ ಪೋರ್ಟಲ್ ಭಾರ ತಾಳದೆ ಕುಸಿಯಿತು. ಜಾರಿಯನ್ನು ಏಪ್ರಿಲ್ 1ಕ್ಕೆ ಮುಂದೂಡಬೇಕಾಯಿತು. ಬಿಲ್ ಹುಟ್ಟದೆ ಲಾರಿ ಹೊರಡುವಂತಿಲ್ಲ. ಹೊರಟು ಸಿಕ್ಕಿಬಿದ್ದರೆ ದಂಡ. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ಗಡುವಿನ ಹಿಂದಿನ ದಿನ ನಿಂತಾಗ ಜಿಎಸ್‌ಟಿಆರ್-1 ಸಲ್ಲಿಕೆಗೆ 11ರ ಬದಲು 13ರವರೆಗೆ ಅವಕಾಶ ಕೊಡಲಾಯಿತು. ಇಂಥ ವಿಸ್ತರಣೆ ಹಕ್ಕಲ್ಲ, ಆಯಾ ಸಂದರ್ಭದ ತೀರ್ಮಾನ. ಅದು ಬರದಿದ್ದರೆ ದಿನಕ್ಕೆ 50 ರೂಪಾಯಿ ತಡದಂಡ, ತೆರಿಗೆ ಬಾಕಿಯ ಮೇಲೆ ವರ್ಷಕ್ಕೆ ಶೇ 18 ಬಡ್ಡಿ ವ್ಯಾಪಾರಿಯ ಹೆಗಲಿಗೇ.

ಅಳತೆಯ ತೊಡಕು

ವ್ಯತ್ಯಯದ ವೆಚ್ಚ ನಿಮಿಷಕ್ಕೆ 5,600 ಡಾಲರ್ ಎಂಬ ಅಂಕಿಯನ್ನು ಮಾರಾಟಗಾರರ ಕರಪತ್ರಗಳು ಇಂದಿಗೂ ಉಲ್ಲೇಖಿಸುತ್ತವೆ. ಗಾರ್ಟ್ನರ್ ಸಂಸ್ಥೆ 2014ರಲ್ಲಿ ಹೇಳಿದ ಈ ಸರಾಸರಿಗೆ ಕಿರಾಣಿ ಅಂಗಡಿಯ ಮಟ್ಟದಲ್ಲಿ ಅರ್ಥವಿಲ್ಲ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಪ್ಯಾರಾಮೆಟ್ರಿಕ್ಸ್ ಎಂಬ ಸಂಸ್ಥೆ ನಷ್ಟವನ್ನು 540 ಕೋಟಿ ಡಾಲರ್ ಎಂದಿತು. ಆದರೆ ಆ ಅಂದಾಜು ಅಮೆರಿಕದ ಅತಿ ದೊಡ್ಡ 500 ಕಂಪನಿಗಳದ್ದು, ಅದರಲ್ಲೂ ಮೈಕ್ರೊಸಾಫ್ಟ್ ಬಿಟ್ಟು. ವಿಮಾನ ರದ್ದಾದ್ದರಿಂದ ಪ್ರಯಾಣಿಕರು ಬಾರದೆ ಹೋದ ಟ್ಯಾಕ್ಸಿ, ಲಾಡ್ಜ್, ಹೋಟೆಲುಗಳು ಅದರಲ್ಲಿಲ್ಲ.

ತಾಳಿಕೆಯ ಶಕ್ತಿಯನ್ನು ಅಳೆದ ಒಂದು ಅಧ್ಯಯನ ಮಾತ್ರ ಇಲ್ಲಿ ಉಪಯುಕ್ತ. ಜೆಪಿ ಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಅಮೆರಿಕದ ಸಣ್ಣ ವ್ಯಾಪಾರಗಳ ಖಾತೆಗಳನ್ನು ಪರಿಶೀಲಿಸಿ, ಆದಾಯ ಪೂರ್ತಿ ನಿಂತರೆ ಮಧ್ಯಮ ಮಟ್ಟದ ಸಂಸ್ಥೆ 27 ದಿನ, ಹೋಟೆಲ್ 16 ದಿನ ಖರ್ಚು ನಿಭಾಯಿಸಬಲ್ಲದು ಎಂದು ಕಂಡಿತು. ಸಂಜೆ ಬಂದ ದುಡ್ಡಿನಲ್ಲಿ ಮರುದಿನದ ನಸುಕಿಗೆ ಮಂಡಿಯಿಂದ ತರಕಾರಿ ತರುವವರಿಗೆ ಆ ಲೆಕ್ಕ ದಿನಗಳಲ್ಲಲ್ಲ, ಗಂಟೆಗಳಲ್ಲಿ.

ಕಾನೂನು, ವಿಮೆ, ಮುನ್ನೆಚ್ಚರಿಕೆ

ಸೇವಾ ಒಪ್ಪಂದಗಳು ಶೇ 99.9 ಲಭ್ಯತೆಯ ಮಾತಾಡುತ್ತವೆ. ಅದರ ಪ್ರಕಾರ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಒಪ್ಪಂದ ಮುರಿದಂತಲ್ಲ. ಮುರಿದರೂ ಸಿಗುವುದು ಮುಂದಿನ ಬಿಲ್ಲಿನಲ್ಲಿ ರಿಯಾಯಿತಿ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳು ಜಿಲ್ಲಾ ಮಟ್ಟದಲ್ಲಿ 24 ಗಂಟೆ ಮೀರಿದ ವ್ಯತ್ಯಯಕ್ಕೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ಕೊಡಬೇಕೆನ್ನುತ್ತವೆ. ಎರಡು ಗಂಟೆಯ ವ್ಯತ್ಯಯ ಇದರ ಬಲೆಗೆ ಬೀಳುವುದೇ ಇಲ್ಲ. ಸೈಬರ್ ವಿಮೆಯಲ್ಲೂ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಗಂಟೆಯ ಕಾಯುವ ಅವಧಿ ಇರುತ್ತದೆ. ಸಣ್ಣ ವ್ಯಾಪಾರಿಯ ನಷ್ಟ ಮೊದಲ ಎರಡು ಮೂರು ಗಂಟೆಗಳಲ್ಲೇ ಮುಗಿದಿರುತ್ತದೆ.

ಗ್ರಾಹಕ ರಕ್ಷಣಾ ಕಾಯ್ದೆ, 2019 ‘ವಾಣಿಜ್ಯ ಉದ್ದೇಶ’ಕ್ಕೆ ಸೇವೆ ಪಡೆದವರನ್ನು ಹೊರಗಿಟ್ಟರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಸರಕು ಕೊಂಡು ಬಳಸುವವರಿಗೆ ವಿನಾಯಿತಿ ಕೊಟ್ಟಿದೆ; ಆ ವಿನಾಯಿತಿಯ ಮಾತುಗಳಲ್ಲಿ ಸೇವೆಯ ಹೆಸರಿಲ್ಲ. ಒಬ್ಬರೇ ನಡೆಸುವ ಅಂಗಡಿಯವರು ಅದನ್ನು ಮುಂದಿಟ್ಟು ಜಿಲ್ಲಾ ಆಯೋಗದ ಮುಂದೆ ಹೋಗಲು ಯತ್ನಿಸಬಹುದು, ಆದರೆ ಸೇವೆಯ ದೂರಿಗೆ ಅದು ಒದಗುತ್ತದೆಂಬ ಖಾತ್ರಿಯಿಲ್ಲ. ಇದು ವ್ಯಾಪಾರಿ ಸಂಘಗಳು ತಮ್ಮ ಸದಸ್ಯರಿಗೆ ತಿಳಿಸಿಹೇಳಲೇಬೇಕಾದ ಸಂಗತಿ.

ಅಂಗಡಿಯ ಮಟ್ಟದಲ್ಲಿ ಮಾಡಬಹುದಾದ ಸಿದ್ಧತೆ ದುಬಾರಿಯೇನಲ್ಲ: ಬೇರೆ ಬೇರೆ ಕಂಪನಿಯ ಎರಡು ಸಿಮ್, ಬೇರೆ ಬೇರೆ ಬ್ಯಾಂಕಿಗೆ ಜೋಡಿಸಿದ ಎರಡು ಕ್ಯೂಆರ್, ಒಂದು ಬೆಳಗಿಗೆ ಸಾಕಾಗುವಷ್ಟು ಚಿಲ್ಲರೆ, ಕೈಬರಹದ ಬಿಲ್ ಪುಸ್ತಕ, ಗಡುವಿಗೆ ಮೂರು ದಿನ ಮೊದಲೇ ರಿಟರ್ನ್. ರೋಜರ್ಸ್ ಘಟನೆಯ ನಂತರ ಇಂಟರಾಕ್ ಕೂಡ ಎರಡನೆಯ ಕಂಪನಿಯ ಸಂಪರ್ಕ ಸೇರಿಸಿಕೊಳ್ಳುವುದಾಗಿ ಹೇಳಿತು. ಆದರೆ ಎರಡು ಕ್ಯೂಆರ್ ಒಂದು ಬ್ಯಾಂಕು ಕೆಟ್ಟಾಗ ನೆರವಾದೀತು. ಎನ್‌ಪಿಸಿಐ ಕೇಂದ್ರವೇ ಸೋತರೆ ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ.

ಇಂಥ ಕೊರತೆಗಳನ್ನು ಒಂದಿಷ್ಟು ತುಂಬಲು ಕೆಲವು ಪ್ರಯತ್ನಗಳಾಗಿವೆ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಇಂಟರ್‌ನೆಟ್ ಇಲ್ಲದ ಕೀಪ್ಯಾಡ್ ಫೋನಿನಿಂದ ಕರೆ ಮಾಡಿ ಪಾವತಿಸಲು ಅವಕಾಶ ಕೊಟ್ಟಿತು. ಯುಪಿಐ ಲೈಟ್‌ನಲ್ಲಿ ಹಣ ಮುಂಚೆಯೇ ಫೋನಿನ ವ್ಯಾಲೆಟ್‌ನಲ್ಲಿರುವುದರಿಂದ ಪಾವತಿಯ ಗಳಿಗೆಯಲ್ಲಿ ಗಿರಾಕಿಯ ಬ್ಯಾಂಕಿನ ಸರ್ವರ್ ಎದ್ದಿರಲೇಬೇಕೆಂದಿಲ್ಲ. ಅದರ ಮಿತಿಯನ್ನು 2024ರ ಡಿಸೆಂಬರ್‌ನಲ್ಲಿ ಒಂದು ಪಾವತಿಗೆ 1,000, ಒಟ್ಟು 5,000 ರೂಪಾಯಿಗೆ ಏರಿಸಲಾಯಿತು. ಜಾಲವೇ ಇಲ್ಲದೆಡೆ ನಡೆಯುವ ಯುಪಿಐ ಲೈಟ್ ಎಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದಕ್ಕೆ ಕೊಡುವವರ ಫೋನಿನಲ್ಲೂ ಪಡೆಯುವವರ ಫೋನಿನಲ್ಲೂ ಎನ್‌ಎಫ್‌ಸಿ ಇರಬೇಕು. ಗೋಡೆಗೆ ಅಂಟಿಸಿದ ಕ್ಯೂಆರ್ ಹಾಳೆಯನ್ನಷ್ಟೇ ನೆಚ್ಚಿರುವ ತರಕಾರಿ ಗಾಡಿಗೆ ಈ ಸೌಲಭ್ಯ ತಲುಪಬೇಕಾದರೆ ಅಗ್ಗದ ಫೋನುಗಳಲ್ಲೂ ಸೌಂಡ್ ಬಾಕ್ಸ್‌ಗಳಲ್ಲೂ ಆ ಚಿಪ್ ಬರಬೇಕಾಗುತ್ತದೆ.